ಕಠಾರಿ ಮತ್ತು ನಿಂಬೆರಸ

ಜಾವಾ ದ್ವೀಪದ ಹಳೆಯ ಕಠಾರಿಯೊಂದರ ಅಲಗಿನಲ್ಲಿ ಬೆಳ್ಳನೆಯ ಚುಕ್ಕೆಗಳಿದ್ದವು. ಚೆಲ್ಲಿದ ಅಕ್ಕಿ, ಶುಭ ಎಂದ ಯಜಮಾನ. ಹಾವಿನ ಪೊರೆ, ಅಶುಭ ಎಂದ ಅವನ ತಮ್ಮ. ವರ್ಷಕ್ಕೊಮ್ಮೆ ಅಲಗು ತೊಳೆಯಲು ಬರುವ ನಿಂಬೆರಸವನ್ನು ಕಠಾರಿ ಬೇಡಿತು:

"ಅಣ್ಣಾ, ಚುಕ್ಕೆಗಳನ್ನು ಇನ್ನಷ್ಟು ಬಿಡಿಸಿ ತೋರಿಸು. ಹಾವೆಂದಾದರೆ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಾರೆ."

"ಸುತ್ತಲಿನ ಕಬ್ಬಿಣವನ್ನು ತಿಂದೇ ನಾನು ಚುಕ್ಕೆ ತೋರಿಸುವುದು. ಇಷ್ಟು ಸಾಕು."

"ಜಿಪುಣ! ಹಿಂಡಿದರೂ ಒಂದು ಹನಿ ಬಿಡುವುದಿಲ್ಲವಲ್ಲ!"

ಆ ಮಾತು ತಾಳದೆ ನಿಂಬೆರಸ ಒಪ್ಪಿ ದಿನವಿಡೀ ಅಲಗಿನ ಮೇಲೆ ನಿಂತಿತು. ಸಂಜೆ ಯಜಮಾನ ಎತ್ತಿದಾಗ ಚುಕ್ಕೆಗಳು ಅಕ್ಕಿಕಾಳಿನಂತೆ ಹೊಳೆದವು. ಆದರೆ ಸವೆದ ಅಲಗು ಅವನ ಕೈಯಲ್ಲೇ ಎರಡು ತುಂಡಾಯಿತು.

"ಅಕ್ಕಿಯೇ ತಾನೇ?" ಎಂದಿತು ಕಠಾರಿ.

"ಅಕ್ಕಿಯೇ. ಬೆಳಿಗ್ಗೆಯೇ ನನಗೆ ಕಂಡಿತ್ತು," ಎಂದಿತು ನಿಂಬೆರಸ. "ಆಗಲೇ ನಾನು ಬಾಯಿಬಿಟ್ಟು ಹೇಳಬೇಕಿತ್ತು."