ಅಷ್ಟಮಿ ಮಾವ

"ಗುರುಗಳೇ, ಸೂರ್ಯನ ಮುಂದೆ ಚಂದ್ರ ಎಷ್ಟರವನು? ಆದರೂ ಸಮುದ್ರ ಚಂದ್ರನನ್ನೇ ನೋಡಿ ಏಳುತ್ತದೆಯಲ್ಲ, ಏಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಸೂರ್ಯನೂ ಎಳೆಯುತ್ತಾನಪ್ಪ, ಅವನನ್ನು ಸುಮ್ಮನೆ ದೂರಬೇಡ. ಅಮಾವಾಸ್ಯೆಗೆ, ಹುಣ್ಣಿಮೆಗೆ ಸೂರ್ಯ, ಭೂಮಿ, ಚಂದ್ರ ಮೂವರೂ ಒಂದೇ ಸಾಲಿಗೆ ಬರುತ್ತಾರೆ. ಆಗ ಇಬ್ಬರ ಎಳೆತವೂ ಕೂಡಿ ಉಬ್ಬರ ಜೋರಾಗುತ್ತದೆ. ಅಷ್ಟಮಿಗೆ ಒಬ್ಬ ಹೀಗೆ ಎಳೆದರೆ ಇನ್ನೊಬ್ಬ ಅಡ್ಡಕ್ಕೆ ಎಳೆಯುತ್ತಾನೆ, ನೀರು ಅಷ್ಟಾಗಿ ಏಳುವುದಿಲ್ಲ. ಆದರೂ ಹೆಚ್ಚು ಎಬ್ಬಿಸುವವನು ಚಂದ್ರನೇ. ಏಕೆಂದು ಹೇಳುತ್ತೇನೆ, ಕೇಳು."

ಕಡಲ ತೀರದಲ್ಲಿ ಉಪ್ಪು ಬೆಳೆಯುವವನೊಬ್ಬನಿದ್ದ. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಎಳೆಗೂಸನ್ನು ತಂಗಿಯ ಮಡಿಲಿಗೆ ಹಾಕಿ ಅವನು ಉಪ್ಪಿನ ಗದ್ದೆಯ ಗುಡಿಸಲು ಸೇರಿದ. ಆ ಕೆಲಸ ಹುಡುಗಾಟವಲ್ಲ. ದೊಡ್ಡ ಉಬ್ಬರಕ್ಕೆ ತೂಬು ತೆರೆದು ನೀರು ತುಂಬಿಸಬೇಕು, ಹೊತ್ತಿಗೆ ಸರಿಯಾಗಿ ಮುಚ್ಚಬೇಕು, ದಂಡೆ ಕಾಯಬೇಕು. ಅಷ್ಟಮಿಯಲ್ಲಿ ಮಾತ್ರ ನೀರಿಗೆ ಬಲವಿಲ್ಲ, ಅವನಿಗೆ ಬಿಡುವು. ಹಾಗಾಗಿ ಅಷ್ಟಮಿಗೊಮ್ಮೆ ತಂಗಿಯ ಮನೆಗೆ ಬರುತ್ತಿದ್ದ. ಬರಿಗೈಯಲ್ಲಿ ಬಂದವನಲ್ಲ. ಅಕ್ಕಿ, ಬೆಲ್ಲ, ಲಂಗ, ಬಳೆ ತರುತ್ತಿದ್ದ. ಉಂಡವನೇ ಹೊರಟುಬಿಡುತ್ತಿದ್ದ. ನಿಜ ಹೇಳಬೇಕೆಂದರೆ ಮಗುವಿನಲ್ಲಿ ಹೆಂಡತಿಯ ಮುಖ ಕಾಣುತ್ತಿತ್ತು, ಅವನಿಗೆ ಅಲ್ಲಿ ಕೂರಲಾಗುತ್ತಿರಲಿಲ್ಲ.

ತಂಗಿಯ ಮಕ್ಕಳು ಅವನನ್ನು ಮಾವ ಎನ್ನುತ್ತಿದ್ದರು, ಸರಿಯೇ. ಅವರ ಜೊತೆ ಬೆಳೆದ ಮಗು ಇನ್ನೇನು ಕಲಿತೀತು? ತಂಗಿಯ ಗಂಡನನ್ನು ಅಪ್ಪ ಎಂದಿತು. ಹುಟ್ಟಿಸಿದವನನ್ನು ಅಷ್ಟಮಿ ಮಾವ ಎಂದಿತು. ದೊಡ್ಡವರು ಮೊದಲು ನಕ್ಕರು, ಆಮೇಲೆ ತಿದ್ದುವುದನ್ನೇ ಮರೆತರು.

ಮಗುವಿಗೆ ನಾಲ್ಕು ತುಂಬಿತು. ಒಂದು ಸಲ ಅವನು ಎತ್ತಿಕೊಳ್ಳಲು ಹೋದರೆ ಅದು ಓಡಿ ತಂಗಿಯ ಗಂಡನ ಬೆನ್ನಿಗೆ ಅಡಗಿತು. ಇವಳು ಉಣ್ಣುವ ಅನ್ನ ನನ್ನದು, ತೊಡುವ ಬಟ್ಟೆ ನನ್ನದು, ಆದರೂ ನಾನು ಯಾರೋ ಆಗಿಬಿಟ್ಟೆನಲ್ಲ ಎಂದು ತಂಗಿಯ ಎದುರು ಅತ್ತುಬಿಟ್ಟ.

ತಂಗಿ ಕುಡಿಯಲು ನೀರು ಕೊಟ್ಟಳು. "ಅಣ್ಣಾ, ಸೂರ್ಯ ಲೋಕಕ್ಕೆಲ್ಲ ಬೆಳಕು ಕಳಿಸುತ್ತಾನೆ. ಆದರೆ ನಿನ್ನ ತೂಬಿನವರೆಗೆ ನೀರನ್ನು ಎಬ್ಬಿಸಿ ತರುವವನು ಹತ್ತಿರ ಇರುವವನು. ಇದನ್ನು ನಿನಗೆ ನಾನು ಹೇಳಿಕೊಡಬೇಕೇ?" ಎಂದಳು.

ಅವನು ಗದ್ದೆಗೆ ಮರಳಿದ. ಹುಣ್ಣಿಮೆ ಬಂತು. ವರ್ಷಕ್ಕೇ ದೊಡ್ಡ ಉಬ್ಬರ ಅದು. ತೂಬನ್ನು ಪಕ್ಕದ ಗದ್ದೆಯವನಿಗೆ ಒಪ್ಪಿಸಿ ಅವನು ತಂಗಿಯ ಮನೆಗೆ ನಡೆದ. ಬೇರೆಯವರ ಕೈಯ ಕೆಲಸ ಗೊತ್ತಲ್ಲ, ದಂಡೆ ಒಡೆದು ಆ ಸಲ ಅರ್ಧ ಉಪ್ಪು ಹೋಯಿತು. ಇತ್ತ ಅಂಗಳದಲ್ಲಿ ಆಡುತ್ತಿದ್ದ ಮಗು ತಲೆ ಎತ್ತಿ ನೋಡಿತು.

"ಇವತ್ತು ಅಷ್ಟಮಿಯಾ, ಮಾವ?"

"ಅಲ್ಲ ಕಂದಾ. ಸುಮ್ಮನೆ ಬಂದೆ."

ಮರುದಿನವೂ ಸುಮ್ಮನೆ ಬಂದ. ದಿನವೂ ಗದ್ದೆಯ ಕೆಲಸ ಮುಗಿಸಿ ಒಂದು ಹರದಾರಿ ನಡೆದು ಬರುತ್ತಿದ್ದ. ಕಾಲಿಗೆಲ್ಲ ಕೆಸರು, ಕೈಯಲ್ಲಿ ಏನೂ ಇಲ್ಲ. ಮಗು ಮಣ್ಣಿನ ಅಡುಗೆ ಮಾಡಿ ಬಡಿಸಿದರೆ ಉಂಡಂತೆ ಮಾಡುತ್ತಿದ್ದ. ಹೀಗೆ ಒಂದು ತಿಂಗಳು ಕಳೆಯಿತು. ಒಂದು ಸಂಜೆ ಅವನು ಬರುವುದು ತಡವಾಯಿತು. ಮಗು ಬೇಲಿಯ ಬಾಯಲ್ಲೇ ನಿಂತು ದಾರಿ ನೋಡುತ್ತಿತ್ತು. ಅವನನ್ನು ಕಂಡಿದ್ದೇ ಎರಡೂ ತೋಳು ಮೇಲೆತ್ತಿತು.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಆಮೇಲಾದರೂ ಅಪ್ಪ ಎಂದು ಕರೆಯಿತೇ, ಗುರುಗಳೇ?"

ಗುರುಗಳು ಅವನ ಬೆನ್ನು ಸವರಿದರು. "ಸಮುದ್ರ ಎಂದಾದರೂ ಚಂದ್ರನನ್ನು ಹೆಸರು ಹಿಡಿದು ಕರೆದದ್ದುಂಟೇನಪ್ಪ?"