ಎಲ್ಲರೂ ಬೈಯುತ್ತಿದ್ದ ಜಾಗಟೆ

ಹಿಂದೆ ಚೀನಾದ ಒಂದು ಕಾಲಾಳು ಪಡೆಯಲ್ಲಿ ನಗಾರಿ ಮೊಳಗಿದರೆ ಮುನ್ನುಗ್ಗಬೇಕು, ಜಾಗಟೆ ಬಾರಿಸಿದರೆ ಹಿಂದಿರುಗಬೇಕು ಎಂಬ ಕಟ್ಟಳೆಯಿತ್ತು. ಹಾಗಾಗಿ ನಗಾರಿಯೆಂದರೆ ಎಲ್ಲರಿಗೂ ಅಚ್ಚುಮೆಚ್ಚು. ಜಾಗಟೆಯನ್ನು ಮಾತ್ರ ಎಲ್ಲರೂ ಬೈಯುತ್ತಿದ್ದರು; ಅದರಲ್ಲೂ ಪಡೆಯ ಒಂದು ಎಳೆಯ ಈಟಿ ಅದನ್ನು ಕಂಡರೆ ಮೂಗು ಮುರಿಯುತ್ತಿತ್ತು.

"ಅಕ್ಕಾ, ಇವತ್ತಾದರೂ ಸುಮ್ಮನಿರು. ನಿನಗೆ ಹೆದರಿಕೆಯಾದಾಗಲೆಲ್ಲ ನಾವು ಓಡಿ ಬರಬೇಕಾ?"

ಜಾಗಟೆಗೆ ನೋವಾಯಿತು.

ನಗಾರಿ ಮೊಳಗಿತು. ಗುರಾಣಿಗಳು ಗೋಡೆಯ ಹಾಗೆ ಮುಂದೆ ನಿಂತವು, ಅವುಗಳ ಸಂದಿಯಿಂದ ಈಟಿಗಳು ಚಾಚಿಕೊಂಡವು. ಸ್ವಲ್ಪ ಹೊತ್ತಿಗೇ ಶತ್ರುವಿನ ಕುದುರೆಗಳು ಬೆನ್ನು ತೋರಿಸಿ ಓಡಿದವು. ಎಳೆಯ ಈಟಿ ಗುರಾಣಿಯನ್ನು ಅಲ್ಲೇ ಬಿಟ್ಟು ಬಯಲಿಗೆ ನುಗ್ಗಿತು.

ಜಾಗಟೆ ದೂರದಿಂದ ನೋಡುತ್ತಲೇ ಇತ್ತು. ಓಡುವ ಕುದುರೆಗಳ ಸಾಲು ಒಂಚೂರೂ ಕೆಟ್ಟಿರಲಿಲ್ಲ. ಸೋತವರು ಇಷ್ಟು ಅಚ್ಚುಕಟ್ಟಾಗಿ ಓಡುತ್ತಾರಾ? ತನ್ನ ಅನುಮಾನ ಸುಳ್ಳಾದರೆ ಗೆಲುವು ಕೆಡಿಸಿದ ಅಪವಾದ ತನ್ನ ತಲೆಗೇ. ಆದರೂ ಅದು ಎದೆ ಬಿರಿಯುವಂತೆ ಕೂಗಿತು.

ಈಟಿ ಗೊಣಗುತ್ತಲೇ ಮರಳಿತು. "ಕೈಗೆ ಬಂದದ್ದನ್ನು ಹಾಳು ಮಾಡಿದೆಯಲ್ಲ, ಅಕ್ಕಾ."

ಅದು ಗುರಾಣಿಯ ಮರೆಗೆ ಸರಿಯುವಷ್ಟರಲ್ಲಿ ಕುದುರೆಗಳೆಲ್ಲ ಒಟ್ಟಿಗೇ ತಿರುಗಿದವು. ಈಟಿ ಆಗಷ್ಟೇ ನಿಂತಿದ್ದ ನೆಲದ ತುಂಬ ಬಾಣಗಳು ನೆಟ್ಟುಕೊಂಡವು.

ಈಟಿ ಗುರಾಣಿಗೆ ಇನ್ನಷ್ಟು ಒತ್ತಿಕೊಂಡು ನಿಂತಿತು.

"ಬೈದುಕೊಂಡಾದರೂ ಬಂದೆಯಲ್ಲ, ಅಷ್ಟು ಸಾಕು" ಎಂದಿತು ಜಾಗಟೆ.

ಮರುದಿನ ನಗಾರಿ ಕರೆಯಿತು. ಎಲ್ಲರೂ ಹೊರಟರೂ ಈಟಿ ಮಾತ್ರ ಕದಲಲಿಲ್ಲ.

"ಮೊದಲು ಹೇಳಿ, ಅಕ್ಕ ಜೊತೆಗೆ ಬರುತ್ತಿದ್ದಾಳೆ ತಾನೇ?"