ಅಳಿಸಿ ಬರೆದ ಉತ್ತರ

“ಎಲ್ಲಾ ಪರೀಕ್ಷೆ ಪಾಸಾಗ್ಯಾವ್ರಿ ಮಾಸ್ತರ. ಆದ್ರೂ ನನ್ನ ಕೆಲಸ ಯಾಕ ವಾಪಸ್ ಕಳಿಸಿದ್ರಿ?” ಎಂದು ಶಿವಲೀಲಾ ಕೇಳಿದಳು.

ಕಲಕೇರಿ ಮಾಸ್ತರು ಮತ್ತು ಅವರ ಶಿಷ್ಯರು ಸೇರಿ ಗಣಿತದ ಒಂದು ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದರು. ಅದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಅದರ ಕೈಪಿಡಿಯಲ್ಲಿ ಪ್ರತಿ ಸೂತ್ರದ ಕೆಳಗೂ ಒಂದು ಉದಾಹರಣೆ, ಅದರ ಕೆಳಗೆ ಬರಬೇಕಾದ ಉತ್ತರ. ಹೊಸ ಆವೃತ್ತಿ ಸಿದ್ಧವಾದಾಗ ಕಂಪ್ಯೂಟರ್ ಆ ಉದಾಹರಣೆಗಳನ್ನೆಲ್ಲ ಮತ್ತೆ ಮಾಡಿ, ಬರೆದಿಟ್ಟ ಉತ್ತರವೇ ಬರುತ್ತದೆಯೇ ಎಂದು ಪರೀಕ್ಷೆ ಮಾಡುತ್ತದೆ. ಈ ಸಲ ಇಪ್ಪತ್ತಮೂರು ಕಡೆ ಉತ್ತರ ತಾಳೆಯಾಗಲಿಲ್ಲ. ಹೊಸದಾಗಿ ಸೇರಿದ ಶಿಷ್ಯೆ ಶಿವಲೀಲಾ ಒಂದೇ ಮಧ್ಯಾಹ್ನದಲ್ಲಿ ಹಳೆಯ ಉತ್ತರಗಳನ್ನು ಅಳಿಸಿ, ಕಂಪ್ಯೂಟರ್ ಕೊಟ್ಟದ್ದನ್ನೇ ಬರೆದು, ಕೈಕೊಡವಿ ಎದ್ದಿದ್ದಳು. ಅದು ಅವಳ ಮೊದಲ ಕೆಲಸ. ಭೇಷ್ ಎನ್ನುತ್ತಾರೆ ಎಂದು ಕಾದವಳಿಗೆ ಬಹಳ ನೋವಾಗಿತ್ತು.

ಮಾಸ್ತರಿಗೆ ಅದು ತಿಳಿಯದ್ದೇನಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ದಾಸೋಹದ ಮನೆ. ಅಲ್ಲಿ ಯಾರು ಬಂದರೂ ಊಟ. ಬಂದು ಉಣ್ಣಲಾಗದವರ ಮನೆಗೆ ದಿನಕ್ಕೊಂದು ಸೇರು ಅಕ್ಕಿ. ಮೊದಲಿನ ಅಡುಗೆಯವಳು, ಮುಂದೆ ಬರುವವರಿಗೆ ತಿಳಿಯಲೆಂದು, ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಟ್ಟಿದ್ದಳು: ಐದು ಸೇರು ಅಕ್ಕಿ, ನಲವತ್ತು ಜನ. ಅವಳ ನಂತರ ಒಬ್ಬ ಅಡುಗೆಯವನು ಬಂದ. ಕೆಲವು ವರ್ಷ ಲೆಕ್ಕ ಸರಿಹೋಯಿತು. ಒಂದು ವರ್ಷ ಐದು ಸೇರು ಮೂವತ್ತೆಂಟು ಜನಕ್ಕೇ ಮುಗಿಯಿತು. ಈ ಸಲದ ಅಕ್ಕಿ ಒದಗುವುದಿಲ್ಲ ಎಂದುಕೊಂಡು ಅವನು ಗೋಡೆ ಒರೆಸಿ ಮೂವತ್ತೆಂಟು ಎಂದು ಬರೆದ, ಅಕ್ಕಿ ತುಸು ಹೆಚ್ಚಿಗೆ ಹಾಕಿದ. ಮರುವರ್ಷ ಮೂವತ್ತೈದು. ಅದರ ಮರುವರ್ಷ ಮೂವತ್ತೊಂದು. ಒರೆಸಿದ, ಬರೆದ. ಪಾಪ, ಸೋಮಾರಿಯಲ್ಲ, ಗೋಡೆಯ ಮೇಲೆ ಒಂದು ದಿನವೂ ತಪ್ಪು ಉಳಿಯಗೊಡದ ಅಚ್ಚುಕಟ್ಟಿನ ಮನುಷ್ಯ. ಉಂಡವರೆಲ್ಲ ಅವನನ್ನು ಹೊಗಳಿದರು.

ಒಬ್ಬ ಹೆಂಗಸು ದಿನವೂ ಒಂದು ಸೇರು ಒಯ್ಯುತ್ತಿದ್ದಳು. ಗಂಡ ಹಾಸಿಗೆ ಹಿಡಿದಿದ್ದ. ಮನೆಯಲ್ಲಿ ನಾಲ್ಕು ಹೊಟ್ಟೆ. ಬರುಬರುತ್ತಾ, ಮೂವರಿಗೆ ಬಡಿಸಿದ ಮೇಲೆ ಅವಳ ಪಾಲಿಗೆ ಎರಡು ತುತ್ತೂ ಉಳಿಯದಾಯಿತು. ಕೊಡುವವರ ಮೇಲೆ ಸಂಶಯಪಡುವವಳಲ್ಲ ಅವಳು. ತೊಳೆಯುವಾಗ ತನ್ನ ಕೈಯಿಂದಲೇ ಅಕ್ಕಿ ಉದುರುತ್ತಿರಬೇಕು ಎಂದುಕೊಂಡಳು. ಕೆಳಗೆ ಬಟ್ಟೆ ಹಾಸಿ ತೊಳೆದು ನೋಡಿದಳು. ಬಟ್ಟೆಯ ಮೇಲೆ ಒಂದು ಕಾಳೂ ಬಿದ್ದಿರಲಿಲ್ಲ. ಆದರೂ ತನ್ನನ್ನೇ ಬೈದುಕೊಂಡು, ನೀರು ಕುಡಿದು ಎದ್ದುಹೋಗುತ್ತಿದ್ದಳು.

ಕೊನೆಗೆ ಒಂದು ದಿನ ಅವಳು ನಾಚಿಕೊಂಡು ಅಡುಗೆಯವನನ್ನು ಕೇಳಿದಳು: “ಅಣ್ಣಾ, ಅಕ್ಕಿ ತೊಳಿಯೂದು ನನಗ ಸ್ವಲ್ಪ ಹೇಳಿಕೊಡ್ತೀ ಏನು?”

ಏಕೆಂದು ಅವನು ವಿಚಾರಿಸಿದ. ಅವಳು ಎಲ್ಲ ಹೇಳಿದಳು. ಅವನು ಅಕ್ಕಿ ಅಳೆಯುವ ಸೇರನ್ನು ಬೋರಲು ಹಾಕಿ ನೋಡಿದ. ಅಕ್ಕಿ ಗಟ್ಟಿಯಾಗಿ ಕೂರಲೆಂದು ದಿನವೂ ನೆಲಕ್ಕೆ ಕುಟ್ಟಿ ಕುಟ್ಟಿ, ಅದರ ತಳ ಒಳಕ್ಕೆ ಹೋಗಿಬಿಟ್ಟಿತ್ತು.

ಮಾಸ್ತರು ಅಲ್ಲಿಗೆ ನಿಲ್ಲಿಸಿದರು. ಶಿವಲೀಲಾಳ ಕಣ್ಣು ತುಂಬಿತ್ತು. ತನ್ನ ನೋವು ಅವಳಿಗೆ ಮರೆತೇ ಹೋಗಿತ್ತು. ಆ ಹೆಂಗಸು ಮುಂದೆ ಏನಾದಳು, ಹೊಟ್ಟೆ ತುಂಬಾ ಉಂಡಳೇ ಎಂದು ಕೇಳಿದಳು.

ಮಾಸ್ತರು ಮೆಲ್ಲಗೆ ಹೇಳಿದರು: “ನೀ ಅಳಿಸಿದ ಇಪ್ಪತ್ತಮೂರು ಉತ್ತರದಾಗ ಯಾವುದರ ಹಿಂದ ಅಕಿ ಕುಂತಾಳೋ, ನನಗೂ ಗೊತ್ತಿಲ್ಲವ್ವಾ.”